ಹಾಗರಳ ಚಿತ್ರ: ಕತ್ತರಿಸಿದ ಮೂಲೆಯಲ್ಲಿ ಮಗನಿದ್ದ

ಮಾನ್ಯ ಸಂಪಾದಕರೆ,

ಕಳೆದ ವಾರ ನಿಮ್ಮ ವಾಚಕರ ವಾಣಿಯಲ್ಲಿ ಒಬ್ಬ ಹಿರಿಯ ಓದುಗರ ಪತ್ರ ಬಂದಿತ್ತು. ಅದಕ್ಕೂ ಹಿಂದಿನ ವಾರ ನೀವು ಪ್ರಕಟಿಸಿದ ಒಂದು ಚಾರ್ಕೋಲ್ (ಇದ್ದಿಲಿನ) ಚಿತ್ರದ ಬಗ್ಗೆ ಅವರ ತಕರಾರು. ಬೈಬಲ್ಲಿನ ಹಾಗರ ಎಂಬ ಹೆಂಗಸಿನ ಚಿತ್ರ ಅದು. ಬಿಡಿಸಿದವಳು ನಮ್ಮೂರಿನ ದೃಶ್ಯಕಲಾ ಕಾಲೇಜಿನಲ್ಲಿ ಓದುವ ಹುಡುಗಿ. ಕೈಕಾಲಿನ ಅಳತೆ ತಪ್ಪಿದೆ, ಗೆರೆ ತಪ್ಪಿದ್ದನ್ನು ಅಳಿಸಿಯೂ ಇಲ್ಲ ಅಂತ ಹಿರಿಯರು ಬರೆದಿದ್ದಾರೆ. ಮುಖ ಬರೆಯಲು ಬಾರದವರು ಹೀಗೆ ಬೆನ್ನು ತಿರುಗಿಸಿ ಕೂರಿಸುತ್ತಾರೆ ಅಂತಲೂ ಬರೆದಿದ್ದಾರೆ. ಓಬವ್ವ, ಅಕ್ಕಮಹಾದೇವಿ ಇರುವ ನಾಡಿನಲ್ಲಿ ಬೈಬಲ್ಲಿನ ಹೆಂಗಸು ಯಾಕೆ ಬೇಕಿತ್ತು ಅನ್ನೋದು ಅವರ ಕೊನೆಯ ಪ್ರಶ್ನೆ.

ಆ ಚಿತ್ರಕ್ಕೆ ಕಟ್ಟು ಹಾಕಿದವನು ನಾನು. ಮಂಡಿಪೇಟೆ ಹತ್ತಿರದ ಓಣಿಯಲ್ಲಿ ನಮ್ಮದು ಫೋಟೋ ಫ್ರೇಮ್ ಅಂಗಡಿ, ಅಪ್ಪನ ಕಾಲದ್ದು. ಪ್ರದರ್ಶನಕ್ಕೆ ಹೋಗುವ ಮುಂಚೆಯೂ ಆಮೇಲೂ ಚಿತ್ರ ನನ್ನ ಅಂಗಡಿಯ ಗೋಡೆಯಲ್ಲೇ ಇತ್ತು. ಪತ್ರ ಬರೆದವರು ನೋಡಿದ್ದು ಪೇಪರಿನಲ್ಲಿ ಬಂದ ಅಂಗೈಯಗಲದ ಫೋಟೋ. ನಾನು ನೋಡಿದ್ದು ಅಸಲು. ಎರಡಕ್ಕೂ ಬಹಳ ವ್ಯತ್ಯಾಸ ಇದೆ. ಫೋಟೋ ಬರೀ ಸಣ್ಣದಾಗಿದ್ದಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ಜಾಗ ಸಾಲದೆ ನೀವು ಚಿತ್ರದ ಬಲಗಡೆಯನ್ನು ಪೂರ್ತಿ ಕತ್ತರಿಸಿದ್ದೀರಿ. ಆ ಕಡೆ ಮೇಲಿನ ಮೂಲೆಯಲ್ಲಿ ಬೆರಳುದ್ದದ ಒಂದು ಮುಳ್ಳುಪೊದೆ ಇದೆ. ಪೊದೆಯ ಕೆಳಗೆ ಉಗುರಿನಷ್ಟು ಒಂದು ಪಾದ ಇದೆ. ಅದು ಹಾಗರಳ ಮಗನ ಪಾದ. ಅದನ್ನು ತೆಗೆದುಬಿಟ್ಟರೆ ಆ ಹೆಂಗಸು ಯಾಕೆ ಆಚೆ ತಿರುಗಿ ಕೂತಿದ್ದಾಳೆ ಅಂತ ಯಾರಿಗೆ ತಾನೇ ತಿಳಿಯುತ್ತದೆ? ಹಿರಿಯರಿಗೆ ತಿಳಿಯದಿದ್ದರೆ ಅದು ಅವರ ತಪ್ಪಲ್ಲ. ಹುಡುಗಿಯ ತಪ್ಪಂತೂ ಅಲ್ಲವೇ ಅಲ್ಲ.

ಕತೆ ಗೊತ್ತಿಲ್ಲದವರಿಗಾಗಿ ಹೇಳಿಬಿಡುತ್ತೇನೆ. ಬೈಬಲ್ಲಿನ ಮೊದಲ ಭಾಗ ಆದಿಕಾಂಡ. ಅದರ 16 ಮತ್ತು 21ನೇ ಅಧ್ಯಾಯಗಳಲ್ಲಿ ಹಾಗರಳ ಕತೆ ಬರುತ್ತದೆ. ಅಬ್ರಹಾಮನ ಹೆಂಡತಿ ಸಾರಾ. ಅವಳ ದಾಸಿ ಹಾಗರ, ಈಜಿಪ್ಟ್ ದೇಶದವಳು. ಸಾರಾಳಿಗೆ ಮಕ್ಕಳಿರಲಿಲ್ಲ. ತಾನೇ ಮುಂದೆ ನಿಂತು ದಾಸಿಯನ್ನು ಗಂಡನಿಗೆ ಕೊಟ್ಟಳು. ಹಾಗರಳಿಗೆ ಇಷ್ಮಾಯೇಲ ಹುಟ್ಟಿದ. ಎಷ್ಟೋ ವರ್ಷದ ಮೇಲೆ, ಮುದಿ ವಯಸ್ಸಿನಲ್ಲಿ, ಸಾರಾಳಿಗೂ ಇಸಾಕ ಹುಟ್ಟಿದ. ಅಲ್ಲಿಗೆ ದಾಸಿಯೂ ಬೇಡವಾದಳು, ದಾಸಿಯ ಮಗನೂ ಬೇಡವಾದ. ಅಬ್ರಹಾಮ ಒಂದು ದಿನ ಬೆಳಿಗ್ಗೆ ಬೇಗ ಎದ್ದು ರೊಟ್ಟಿಯನ್ನೂ ಒಂದು ಚರ್ಮದ ತಿತ್ತಿ ನೀರನ್ನೂ ಅವಳ ಹೆಗಲಿಗೆ ಹಾಕಿ, ಮಗನ ಜೊತೆ ಮನೆಯಿಂದ ಕಳಿಸಿಬಿಟ್ಟ. ಬೇರ್ಷೆಬದ ಬೆಂಗಾಡಿನಲ್ಲಿ ಅವಳು ದಾರಿ ತಪ್ಪಿ ಅಲೆದಳು. ತಿತ್ತಿಯ ನೀರು ಮುಗಿಯಿತು. ಮಗನನ್ನು ಒಂದು ಪೊದೆಯ ಕೆಳಗೆ ಬಿಟ್ಟು, ಬಾಣ ಹೊಡೆದರೆ ಹೋಗುವಷ್ಟು ದೂರ ಹೋಗಿ ಕೂತಳು. ಮಗ ಸಾಯುವುದನ್ನು ನೋಡಲಾರೆ ಅಂತ. ಅಲ್ಲಿ ಕೂತು ಗಟ್ಟಿಯಾಗಿ ಅತ್ತಳು. ದೇವದೂತ ಅವಳನ್ನು ಮಾತಾಡಿಸಿದ, ದೇವರು ಅವಳ ಕಣ್ಣು ತೆರೆಸಿದ, ಅಲ್ಲೇ ಒಂದು ಬಾವಿ ಕಂಡಿತು. ತಿತ್ತಿ ತುಂಬಿಸಿಕೊಂಡು ಹೋಗಿ ಮಗನಿಗೆ ಕುಡಿಸಿದಳು. ಹುಡುಗ ಬದುಕಿಕೊಂಡ. ಬೆಳೆದು ಬಿಲ್ಲುಗಾರನಾದ.

ನೋಡಲಾರೆ ಅಂತ ದೂರ ಹೋಗಿ ಕೂತವಳ ಮುಖ ಎತ್ತ ಇರಬೇಕು ಹೇಳಿ. ಮಗನ ಕಡೆಗೆ ಇರಲು ಸಾಧ್ಯವಾ? ನಮ್ಮ ಕಡೆಗೆ, ನೋಡುವವರ ಕಡೆಗೆ ತಿರುಗಿ ಎರಡು ಹನಿ ಕಣ್ಣೀರು ತೋರಿಸಬೇಕಿತ್ತಾ? ಹಾಗೆ ಬರೆಯೋದು ಸುಲಭ. ಕಣ್ಣೀರಿನ ಚಿತ್ರಗಳಿಗೆ ನಾನು ಎಷ್ಟೋ ಕಟ್ಟು ಹಾಕಿದ್ದೇನೆ, ಅವು ಬೇಗ ಮಾರಾಟ ಆಗುತ್ತವೆ. ಈ ಹುಡುಗಿ ಹಾಗೆ ಮಾಡಲಿಲ್ಲ. ಅವಳು ಕತೆಯನ್ನು ಸರಿಯಾಗಿ ಓದಿದ್ದಾಳೆ. ಚಿತ್ರದಲ್ಲಿ ಹಾಗರ ಎಡಗಡೆ ನೆಲದ ಮೇಲೆ ಕೂತಿದ್ದಾಳೆ. ಬೆನ್ನು ಪೊದೆಯ ಕಡೆಗಿದೆ. ತಲೆ ಮುಂದಕ್ಕೆ ಬಿದ್ದಿದೆ, ಸೆರಗು ಜಾರಿ ಮುಖವನ್ನು ಮುಚ್ಚಿದೆ. ನಮಗೆ ಕಾಣೋದು ಬೆನ್ನು, ಒಂದು ಹೆಗಲು, ಎರಡು ಪಾದ, ಖಾಲಿ ತಿತ್ತಿ ಹಿಡಿದ ಎಡಗೈ. ಅವಳಿಗೂ ಆ ಪೊದೆಗೂ ನಡುವೆ ಏನೂ ಇಲ್ಲ. ಬರೀ ಪೇಪರ್. ಒಂದು ಗೆರೆ ಕೂಡ ಎಳೆದಿಲ್ಲ. ಫುಲ್ ಶೀಟ್ ಅಂದರೆ 22 ಇಂಚು, 30 ಇಂಚು. ಅದರಲ್ಲಿ ಹತ್ತಿರ ಹತ್ತಿರ ಅರ್ಧ ಹಾಗೇ ಖಾಲಿ ಬಿಟ್ಟಿದ್ದಾಳೆ. ನೀವು ಬೇಡದ ಜಾಗ ಅಂತ ಕತ್ತರಿಸಿದ್ದು ಅದನ್ನೇ. ಬಾಣ ಹೋಗುವಷ್ಟು ದೂರ ಅನ್ನೋದು ಆ ಖಾಲಿ ಜಾಗ. ತಾಯಿ ಮಗನಿಂದ ಎಷ್ಟು ದೂರ ಹೋಗಿ ಕೂತಳು ಅನ್ನೋದನ್ನು ಅಲ್ಲೇ ಅಳೆಯಬೇಕು.

ಕಟ್ಟು ಹಾಕುವಾಗ ಚಿತ್ರದ ಸುತ್ತ ಕೂರಿಸುವ ದಪ್ಪ ರಟ್ಟು, ಅಂದರೆ ಮೌಂಟ್ ಬೋರ್ಡ್ ಸ್ವಲ್ಪ ಒಳಗೆ ತಂದರೆ ಚೆನ್ನಾಗಿ ಕಾಣುತ್ತೆ ಅಂತ ಅಂಗಡಿ ಹುಡುಗ ಅಂದಿದ್ದ. ಬೇಡ ಅಂದೆ. ಆ ಹುಡುಗಿಯೂ ಬೇಡ ಅಂದಳು. ಒಂದು ಕೂದಲೆಳೆ ಕೂಡ ಮುಚ್ಚಬೇಡಿ ಅಂಕಲ್ ಅಂದಳು. ಅದಕ್ಕೇ ಪೇಪರಿನ ಅಂಚೂ ಕಾಣುವ ಹಾಗೆ, ಸುತ್ತ ಜಾಗ ಬಿಟ್ಟು ಕೂರಿಸಿದ್ದೇನೆ.

ಇನ್ನು ಅಳತೆಯ ಮಾತು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇದು ಆ ಹುಡುಗಿಯೊಬ್ಬಳ ಮಾತಲ್ಲ. ಕಲಾ ಕಾಲೇಜಿನ ಮಕ್ಕಳ ಮೇಲೆ ಊರಿನವರು ಹೊರಿಸುವ ದೂರೇ ಇದು.

ಮನುಷ್ಯನ ಮೈಯ ಅಳತೆಯನ್ನು ಈ ಮಕ್ಕಳಿಗೆ ಮೊದಲ ವರ್ಷದಲ್ಲೇ ಕಲಿಸುತ್ತಾರೆ. ನಿಂತ ಮನುಷ್ಯನ ಎತ್ತರ ಅವನ ತಲೆಯ ಏಳೂವರೆ ಪಟ್ಟು. ಅಂಗೈ ಬುಡದಿಂದ ನಡುಬೆರಳ ತುದಿಯವರೆಗಿನ ಉದ್ದವೂ ಗಲ್ಲದಿಂದ ಹಣೆಯ ಕೂದಲಂಚಿನವರೆಗಿನ ಉದ್ದವೂ ಹೆಚ್ಚುಕಡಿಮೆ ಒಂದೇ. ಓದುತ್ತಿರುವವರು ಈಗಲೇ ಮುಖದ ಮೇಲೆ ಕೈಯಿಟ್ಟು ನೋಡಬಹುದು. ಪೆನ್ಸಿಲ್ ಹಿಡಿದು ತೋಳು ಚಾಚಿ, ಒಂದು ಕಣ್ಣು ಮುಚ್ಚಿ ಮಾಡೆಲ್‌ನ ಅಳತೆ ತೆಗೆಯೋದನ್ನು ವರ್ಷಗಟ್ಟಲೆ ಅಭ್ಯಾಸ ಮಾಡುತ್ತಾರೆ. ಈ ಹುಡುಗಿಯ ಅಂಥ ಸ್ಟಡಿಗಳಿಗೂ ನಾನೇ ಕಟ್ಟು ಹಾಕಿದ್ದೇನೆ. ಕೂತ ಮುದುಕ, ನಿಂತ ಹಮಾಲಿ, ಬೀಡಿ ಕಟ್ಟುವ ಹೆಂಗಸು. ಅಳತೆಯಲ್ಲಿ ಒಂದು ನೂಲೂ ಆಚೀಚೆ ಇಲ್ಲ. ಅಂದಮೇಲೆ ಹಾಗರಳ ಕೈ ಇರಬೇಕಾದ್ದಕ್ಕಿಂತ ಒಂದೂವರೆ ಪಟ್ಟು ದೊಡ್ಡದಾಗಿದ್ದರೆ ಬೇಕೂ ಅಂತಲೇ ಮಾಡಿದ್ದು. ಮುಖ ಮುಚ್ಚಿದ ಮೇಲೆ ಹೇಳಬೇಕಾದ್ದನ್ನೆಲ್ಲ ಆ ಕೈ ಹೇಳಬೇಕು. ಅಷ್ಟು ಭಾರ ಹೊರಲು ಅದು ದೊಡ್ಡದೇ ಇರಬೇಕು.

ಜರ್ಮನಿಯ ಕೇಥೆ ಕೋಲ್ವಿಟ್ಸ್ ಎಂಬ ಕಲಾವಿದೆ 1867ರಲ್ಲಿ ಹುಟ್ಟಿ 1945ರವರೆಗೆ ಬದುಕಿದ್ದರು. 1903ರಲ್ಲಿ ಸತ್ತ ಮಗುವನ್ನು ತಬ್ಬಿ ಕೂತ ತಾಯಿಯ ಚಿತ್ರ ಮಾಡಿದರು. ತಾಯಿಯ ಮೊಣಕಾಲು, ತೋಳು, ಬೆನ್ನು ಎಲ್ಲ ಬಂಡೆಯಷ್ಟು ದಪ್ಪ. ಆ ಚಿತ್ರಕ್ಕೆ ತಮ್ಮ ಏಳು ವರ್ಷದ ಮಗ ಪೀಟರನನ್ನು ತೋಳಿನಲ್ಲಿ ಹಿಡಿದುಕೊಂಡು, ಕನ್ನಡಿ ನೋಡಿ ಬರೆದಿದ್ದರು. ಅದೇ ಪೀಟರ್ 1914ರಲ್ಲಿ ಯುದ್ಧಕ್ಕೆ ಹೋಗಿ ಸತ್ತ. ಕಾಲೇಜಿನ ಮಕ್ಕಳು ಆ ಚಿತ್ರದ ಪ್ರಿಂಟ್ ತೋರಿಸಿ ಇದನ್ನೆಲ್ಲ ಹೇಳಿದ ದಿನ ನನಗೆ ಅಂಗಡಿ ಬಾಗಿಲು ಹಾಕುವವರೆಗೂ ಅದೇ ತಲೆಯಲ್ಲಿತ್ತು. ನಮ್ಮ ದೇಶದಲ್ಲೇ ನೋಡಿ. 1943ರ ಬಂಗಾಳದ ಬರಗಾಲದಲ್ಲಿ ಕಲಾವಿದ ಚಿತ್ತಪ್ರಸಾದ್ ಮಿಡ್ನಾಪುರದ ಹಳ್ಳಿಗಳಲ್ಲಿ ತಿರುಗಿ ಹಸಿದವರ ಚಿತ್ರ ಬರೆದರು. ಕಪ್ಪು ಶಾಯಿ, ಒರಟು ಗೆರೆ, ಎಲುಬು ಎದ್ದ ಮೈ. ಆ ಚಿತ್ರಗಳ ಪುಸ್ತಕವನ್ನು ಬ್ರಿಟಿಷ್ ಸರ್ಕಾರ ವಶ ಮಾಡಿಕೊಂಡು ಸುಟ್ಟಿತು. ಅಳತೆ ಸರಿಯಿಲ್ಲ ಅಂತ ಸುಡಲಿಲ್ಲ. ಅದರಲ್ಲಿ ಸತ್ಯ ಇತ್ತು ಅಂತ ಸುಟ್ಟಿತು. ನಮ್ಮವರೇ ಆದ ಕೆ.ಕೆ. ಹೆಬ್ಬಾರರು ಉಡುಪಿ ಹತ್ತಿರದ ಕಟ್ಟಿಂಗೇರಿಯವರು. ಅವರ ರೇಖಾಚಿತ್ರದ ಕುಣಿಯುವವರ ಕೈಕಾಲು ಎಷ್ಟು ಉದ್ದ ಹರಿಯುತ್ತವೆ! ಒಂದೇ ಗೆರೆಯಲ್ಲಿ ತೋಳಿನಿಂದ ಹೊರಟು ಕಾಲಿನ ಹೆಬ್ಬೆರಳಿಗೆ ಬಂದು ನಿಲ್ಲುತ್ತಾರೆ. ಆ ಉದ್ದ ಇಲ್ಲದಿದ್ದರೆ ಕುಣಿತವೇ ಇಲ್ಲ.

ಇಷ್ಟು ದೂರ ಯಾಕೆ, ತೊಗಲುಬೊಂಬೆಯ ರಾವಣನ ಕಣ್ಣು ಮುಖದಲ್ಲಿ ಎಷ್ಟು ಜಾಗ ತಿನ್ನುತ್ತದೆ? ಅದನ್ನು ನೋಡಿ ಅಳತೆ ತಪ್ಪಿದೆ ಅಂತ ಹಳ್ಳಿಯಲ್ಲಿ ಯಾರೂ ಎದ್ದು ಹೋಗುವುದಿಲ್ಲ.

ಅಳಿಸದೆ ಬಿಟ್ಟ ಗೆರೆಗಳ ಬಗ್ಗೆಯೂ ಹಿರಿಯರು ಬರೆದಿದ್ದಾರಲ್ಲ, ಆ ಗೆರೆಗಳ ಕತೆ ನನಗೆ ಗೊತ್ತು. ಹುಡುಗಿ ಜಗಳೂರು ಕಡೆಯವಳು. ದಾವಣಗೆರೆ ಅಂದರೆ ಭದ್ರಾ ನಾಲೆ, ಭತ್ತದ ಗದ್ದೆ ಅಂತ ಹೊರಗಿನವರು ತಿಳಿದಿರುತ್ತಾರೆ. ಜಗಳೂರಿನ ಮಾತೇ ಬೇರೆ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವ ಮುಂಚೆ ಅದು ಚಿತ್ರದುರ್ಗಕ್ಕೆ ಸೇರಿತ್ತು. ಆಗಲೂ ಬರ, ಈಗಲೂ ಬರ. 2023ರಲ್ಲಿ ಮಳೆ ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತ ಅಂತ ಘೋಷಿಸಿತು. ಅದರ ಮುಂದಿನ ಬೇಸಿಗೆಯಲ್ಲಿ ಈ ಹುಡುಗಿ ರಜೆಗೆ ಊರಿಗೆ ಹೋದವಳು ಟ್ಯಾಂಕರ್ ಮುಂದೆ ಕೊಡ ಸಾಲಿಟ್ಟು ಕಾಯುವ ಹೆಂಗಸರನ್ನು ಸ್ಕೆಚ್ ಮಾಡಿಕೊಂಡು ಬಂದಿದ್ದಳು. ಸಣ್ಣ ಸಣ್ಣ ಹಾಳೆಗಳು, ಬಾಲ್ ಪೆನ್ನಿನಲ್ಲಿ. ಒಬ್ಬಳು ಕೊಡದ ಮೇಲೆ ಕೂತಿದ್ದಾಳೆ. ಒಬ್ಬಳು ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಾಳೆ. ಹದಿನೈದು ಲೀಟರ್ ಕೊಡ ಅಂದರೆ 15 ಕೆ.ಜಿ. ನೀರಿನ ಭಾರ. ದಿನಕ್ಕೆ ನಾಲ್ಕು ಸಲ, ಆರು ಸಲ ಅದನ್ನು ಎತ್ತಿ ಇಳಿಸಿದ ಹೆಂಗಸಿನ ಮಣಿಕಟ್ಟು, ಬೆರಳಿನ ಗಿಣ್ಣು ಎಲ್ಲರ ಹಾಗೆ ಇರುವುದಿಲ್ಲ. ಹಾಗರಳ ಕೈ ಎಲ್ಲಿಂದ ಬಂತು ಅಂದರೆ ಅಲ್ಲಿಂದ ಬಂತು.

ಚಿತ್ರವನ್ನು ಕಟ್ಟಿಗೆ ಕೊಡುವ ಮುಂಚೆ ಹುಡುಗಿ ತಾಯಿಗೆ ತೋರಿಸಿದಳಂತೆ. ಆಗ ಹಾಗರ ಖಾಲಿ ತಿತ್ತಿಯನ್ನು ಕುತ್ತಿಗೆ ಹಿಡಿದು ಮುಂದಕ್ಕೆ ಚಾಚಿದ್ದಳು. ತಾಯಿ ನೋಡಿ, "ನೀರು ಇದ್ರ ಹಂಗ ಹಿಡೀತಾರ. ಖಾಲಿ ಆದಮ್ಯಾಲ ಯಾರು ಹಂಗ ಹಿಡೀತಾರ? ಹಿಂಡಿದ ಬಟ್ಟೆ ಹಿಡಿದಂಗ ಹಿಡ್ಕಂಡು ಕೂತಿರ್ತಾರ" ಅಂದರಂತೆ. ಹುಡುಗಿ ಇಡೀ ಎಡಗೈಯನ್ನು ಮತ್ತೆ ಬರೆದಳು. ತೋಳನ್ನು ಮೈಗೆ ಹತ್ತಿರ ತಂದಳು. ಬೆರಳುಗಳನ್ನು ಮಡಚಿದಳು. ತಿತ್ತಿಯ ಚರ್ಮ ಬೆರಳ ಸಂದಿನಲ್ಲಿ ಉಬ್ಬಿ ಹೊರಗೆ ಬಂದಿರೋದನ್ನು ನೀವು ಅಸಲು ಚಿತ್ರದಲ್ಲಿ ನೋಡಬೇಕು. ಹಳೆಯ ತೋಳಿನ ಗೆರೆಗಳನ್ನು ಪೂರ್ತಿ ಒರೆಸಲಿಲ್ಲ. ಮೊದಲು ಚಾಚಿದ ಕೈ, ಆಮೇಲೆ ಸೋತು ಹಿಂದಕ್ಕೆ ಬಂದ ಕೈ, ಎರಡೂ ಕಾಣುತ್ತವೆ. ನೀರು ಇದ್ದಾಗಿನ ಕೈ, ನೀರು ಮುಗಿದ ಮೇಲಿನ ಕೈ ಅಂತ ನಾನು ಓದಿಕೊಂಡೆ. ಹಿರಿಯರು ತಪ್ಪು ಅಂತ ತೋರಿಸಿದ ಗೆರೆ ಇದೇ. ಚಿತ್ರದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗವೂ ಇದೇ.

ಬೆನ್ನಿನ ಬಗ್ಗೆ ಒಂದು ಮಾತು. ಬೆನ್ನಿನ ಮೇಲಿನ ಬೆಳಕನ್ನು ಅವಳು ಬರೆದಿಲ್ಲ, ತೆಗೆದಿದ್ದಾಳೆ. ಮೊದಲು ಆ ಜಾಗವನ್ನೆಲ್ಲ ಚಾರ್ಕೋಲ್ ಉಜ್ಜಿ ಕಪ್ಪು ಮಾಡಿ, ಆಮೇಲೆ ಮೆತ್ತನೆಯ ರಬ್ಬರಿನಿಂದ ಒತ್ತಿ ಒತ್ತಿ ಪುಡಿ ಎತ್ತಿದ್ದಾಳೆ. ಎತ್ತಿದಲ್ಲೆಲ್ಲ ಪೇಪರಿನ ಬಿಳುಪು ಹೊರಗೆ ಬಂದು ಬಿಸಿಲು ಬಿದ್ದ ಹಾಗೆ ಕಾಣುತ್ತದೆ. ಹೆಗಲ ಕೆಳಗೆ ಅವಳ ಹೆಬ್ಬೆರಳಿನ ಗುರುತು ಹಾಗೇ ಉಳಿದಿದೆ, ಗೆರೆ ಗೆರೆ ಸಮೇತ. ನಿಮ್ಮ ಫೋಟೋದಲ್ಲಿ ಅದೆಲ್ಲ ಬರೀ ಕಪ್ಪು ಮಚ್ಚೆ ಆಗಿಬಿಟ್ಟಿದೆ.

ಚಾರ್ಕೋಲ್ ಚಿತ್ರ ನನ್ನಂಥ ಕಟ್ಟಿನವನಿಗೂ ಸುಲಭದ ಕೆಲಸವಲ್ಲ. ಅದು ಪೇಪರಿನ ಮೇಲೆ ಕೂತ ಪುಡಿ ಅಷ್ಟೇ. ಪುಡಿಯನ್ನು ಹಿಡಿದಿಡುವ ಫಿಕ್ಸೆಟಿವ್ ಸ್ಪ್ರೇ ಹೊಡೆದರೂ ಜೋರಾಗಿ ತಟ್ಟಿದರೆ ಉದುರುತ್ತದೆ. ಗಾಜು ಚಿತ್ರಕ್ಕೆ ತಾಗಬಾರದು, ನಡುವೆ ಜಾಗ ಬಿಡಬೇಕು. ಅಕ್ರಿಲಿಕ್ ಶೀಟ್ ಹಾಕಲೇಬಾರದು, ಒರೆಸಿದರೆ ಸಾಕು ಅದರಲ್ಲಿ ಕರೆಂಟ್ ಹುಟ್ಟಿ ಪುಡಿಯನ್ನು ಎಳೆದುಕೊಳ್ಳುತ್ತದೆ. ಅಂಗಡಿಗೆ ಬರುವ ಮಕ್ಕಳಿಗೆಲ್ಲ ಇದನ್ನು ಹೇಳುತ್ತಿರುತ್ತೇನೆ. ಅಕ್ರಿಲಿಕ್ ಹಗುರ, ಒಡೆಯಲ್ಲ ಅಂತ ಆಸೆಪಡುತ್ತಾರೆ. ಬೇಡ, ಗಾಜೇ ಇರಲಿ.

ಬೈಬಲ್ಲಿನ ಹೆಂಗಸು ಯಾಕೆ ಅನ್ನೋ ಪ್ರಶ್ನೆಗೆ ನಾನು ಉತ್ತರ ಕೊಡುವ ಬದಲು, ಅಂಗಡಿಗೆ ಬಂದವರು ಏನಂದರು ಅಂತ ಹೇಳುತ್ತೇನೆ. ನನ್ನ ಅಂಗಡಿಯಲ್ಲಿ ನಮ್ಮೂರ ದೇವತೆ ದುಗ್ಗಮ್ಮನಿಗೂ ಕಟ್ಟು ಹಾಕುತ್ತೇನೆ, ಬಸವಣ್ಣನಿಗೂ ಹಾಕುತ್ತೇನೆ. ಮಕ್ಕಾ ಮದೀನಾ ಚಿತ್ರಕ್ಕೂ, ಹರಿಹರದ ಆರೋಗ್ಯ ಮಾತೆಗೂ ಹಾಕುತ್ತೇನೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ಹರಿಹರದ ಆ ಚರ್ಚಿಗೆ ಎಲ್ಲ ಜಾತಿಯವರೂ ಹೋಗಿ ಮೇಣದ ಬತ್ತಿ ಹಚ್ಚಿ ಬರೋದು ನಮ್ಮ ಕಡೆಯವರಿಗೆ ಹೊಸದೇನಲ್ಲ. ಬರುವ ಗಿರಾಕಿಗಳೂ ಅಷ್ಟೇ, ಎಲ್ಲ ಥರದವರು.

ಪಕ್ಕದ ಟೈಲರ್ ಚಾಚಾ ಹಜ್ ಮುಗಿಸಿ ಬಂದವರು. ಇದು ಯಾರ ಕತೆ ಅಂತ ಕೇಳಿದರು. ಹೇಳಿದೆ. "ನಮ್ಮ ಹಾಜಿರಾ ಬೀಬಿ ಅಲ್ಲೇನಪ್ಪಾ" ಅಂದರು. ಹಾಜಿರಾ ನೀರು ಹುಡುಕಿಕೊಂಡು ಸಫಾ ಮತ್ತು ಮರ್ವಾ ಎಂಬ ಎರಡು ಗುಡ್ಡಗಳ ನಡುವೆ ಏಳು ಸಲ ಓಡಿದ್ದು, ಮಗುವಿನ ಹತ್ತಿರ ಝಮ್‌ಝಮ್ ನೀರು ಉಕ್ಕಿದ್ದು, ಹಜ್‌ಗೆ ಹೋದವರೆಲ್ಲ ಇವತ್ತಿಗೂ ಅವಳ ಹಾಗೆಯೇ ಏಳು ಸಲ ನಡೆಯೋದು, ಎಲ್ಲ ಹೇಳಿದರು. ಒಬ್ಬ ತಾಯಿ ಮಗುವಿಗಾಗಿ ಓಡಿದ ದಾರಿಯಲ್ಲಿ ರಾಜನೂ ನಡೆಯಬೇಕು, ಕೂಲಿಯವನೂ ನಡೆಯಬೇಕು ಅಂದರು. ಬೈಬಲ್ಲಿನಲ್ಲಿ ಅವಳು ಕೂತಳು, ಅವರ ಕಡೆಯ ಕತೆಯಲ್ಲಿ ಓಡಿದಳು. ನೀರಿಲ್ಲದ ಊರಿನ ತಾಯಿ ಎರಡನ್ನೂ ಮಾಡುತ್ತಾಳೆ.

ಇನ್ನೊಬ್ಬ ಅಜ್ಜಿ ತೀರಿಹೋದ ಯಜಮಾನರ ಫೋಟೋ ಕಟ್ಟು ಹಾಕಿಸಲು ಹಳ್ಳಿಯಿಂದ ಬಂದಿದ್ದರು. ಗೋಡೆ ನೋಡಿ, "ಚಂದ್ರಮತಿ ಇದ್ದಂಗ ಅದಾಳಲ್ಲೋ ತಮ್ಮಾ" ಅಂದರು. ಹಾವು ಕಚ್ಚಿದ ಲೋಹಿತಾಶ್ವನನ್ನು ಎತ್ತಿಕೊಂಡು ಸುಡುಗಾಡಿಗೆ ಬಂದ ಚಂದ್ರಮತಿ. ಬಯಲಾಟದಲ್ಲಿ ಆ ಸೀನ್ ಬಂದಾಗ ತಾವು ಸೆರಗು ಬಾಯಿಗೆ ತುರುಕಿಕೊಂಡು ಕೂತಿದ್ದು ನೆನಪಿದೆ ಅಂದರು. ಚಂದ್ರಮತಿ ಅಲ್ಲಮ್ಮ, ಬೈಬಲ್ಲಿನವಳು ಅಂದೆ. "ಯಾವಾಕಿ ಆದ್ರೇನು, ತಾಯಿ ಅಲ್ಲೇನು" ಅಂದು ಸೆರಗಿನ ಗಂಟು ಬಿಚ್ಚಿ ಅಡ್ವಾನ್ಸ್ ಕೊಟ್ಟು ಹೋದರು.

ಹೊರಗಿನ ದೇಶದ ಕಲಾವಿದರೂ ಹಾಗರಳನ್ನು ತಮ್ಮ ತಮ್ಮ ಕಷ್ಟದ ಮೂಲಕವೇ ನೋಡಿದ್ದಾರೆ. ಡಚ್ ಕಲಾವಿದ ರೆಂಬ್ರಾಂಟ್ 1637ರಲ್ಲಿ ಅವಳನ್ನು ಮನೆಯಿಂದ ಕಳಿಸುವ ಗಳಿಗೆಯನ್ನು ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚು ತೆಗೆದ. ಫ್ರಾನ್ಸಿನ ಕೊರೊ 1835ರಲ್ಲಿ ಬಂಡೆಗಳ ನಡುವೆ ಕೈ ಎತ್ತಿ ಗೋಳಾಡುವ ಹಾಗರಳನ್ನು ದೊಡ್ಡ ಪೇಂಟಿಂಗ್ ಮಾಡಿದ. ನನಗೆ ಹೆಚ್ಚು ಹತ್ತಿರ ಆದದ್ದು ಎಡ್ಮೋನಿಯಾ ಲೂಯಿಸ್. ಅಮೆರಿಕದಲ್ಲಿ ಹುಟ್ಟಿದ ಶಿಲ್ಪಿ. ತಂದೆ ಕಪ್ಪು ಜನಾಂಗದವರು, ತಾಯಿ ಅಲ್ಲಿನ ಮೂಲ ನಿವಾಸಿಗಳ ಕಡೆಯವರು. ಅಮೆರಿಕದಲ್ಲಿ ಗುಲಾಮಗಿರಿ ಕಾನೂನು ಪ್ರಕಾರ ಮುಗಿದು ಹತ್ತು ವರ್ಷಕ್ಕೆ, 1875ರಲ್ಲಿ, ಅಮೃತಶಿಲೆಯಲ್ಲಿ ಹಾಗರಳನ್ನು ಕಡೆದರು. ಕೈ ಜೋಡಿಸಿ ನಿಂತಿದ್ದಾಳೆ, ಕಾಲ ಬಳಿ ಖಾಲಿ ಹೂಜಿ ಬಿದ್ದಿದೆ. ದಾಸಿಯ ಕತೆಯನ್ನು ಆಕೆ ಯಾಕೆ ಆರಿಸಿಕೊಂಡರು ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಜಗಳೂರಿನ ಹುಡುಗಿ ಖಾಲಿ ತಿತ್ತಿಯ ಕತೆ ಆರಿಸಿಕೊಂಡಿದ್ದೂ ಹಾಗೇ.

ಓಬವ್ವನ ಬಗ್ಗೆ ನನಗೂ ಅಪಾರ ಗೌರವ. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳುವಾಗ ಒನಕೆ ಎತ್ತಿದ ಓಬವ್ವನ ಚಿತ್ರಕ್ಕೆ ನಾನು ಎಷ್ಟು ಕಟ್ಟು ಹಾಕಿದ್ದೇನೋ ಲೆಕ್ಕವಿಲ್ಲ. ನವೆಂಬರ್ ಬಂದರೆ ಶಾಲೆಗಳಿಂದ ಆರ್ಡರ್ ಬರುತ್ತದೆ. ಓಬವ್ವನೂ ಗಂಡ ಊಟಕ್ಕೆ ಕೂತಾಗ ನೀರು ತರಲು ಹೋದವಳೇ ಅಲ್ವಾ? ನೀರಿನ ದಾರಿಯಲ್ಲೇ ಅವಳಿಗೆ ಶತ್ರು ಕಂಡದ್ದು. ಅವಳನ್ನು ಬರೆಯುವವರು ಬರೆಯುತ್ತಲೇ ಇರಲಿ. ಆದರೆ ಒನಕೆ ಎತ್ತಿದ ಹೆಂಗಸನ್ನು ಮಾತ್ರ ಬರೆಯಿರಿ, ಸೋತು ನೆಲಕ್ಕೆ ಕೂತ ಹೆಂಗಸನ್ನು ಬರೆಯಬೇಡಿ ಅಂದರೆ ನಾನು ಒಪ್ಪುವುದಿಲ್ಲ. ನಮ್ಮ ಕಣ್ಣಿಗೆ ದಿನಾ ಬೀಳುವವರು ಎರಡನೆಯವರೇ ಜಾಸ್ತಿ. ಬಸ್ ಸ್ಟ್ಯಾಂಡಿನಲ್ಲಿ, ಆಸ್ಪತ್ರೆ ಮೆಟ್ಟಿಲ ಮೇಲೆ, ಮುಖ ಮುಚ್ಚಿಕೊಂಡು ಕೂತ ಎಷ್ಟು ಜನರನ್ನು ನಾವು ದಾಟಿ ಹೋಗುತ್ತೇವೆ.

ಆದಿಕಾಂಡದ 16ನೇ ಅಧ್ಯಾಯದಲ್ಲಿ ಇನ್ನೊಂದು ಸಂಗತಿ ಇದೆ. ಹೊಟ್ಟೆಯಲ್ಲಿ ಮಗು ಇರುವಾಗಲೇ ಹಾಗರ ಸಾರಾಳ ಕಾಟ ತಾಳದೆ ಒಮ್ಮೆ ಓಡಿಹೋಗಿದ್ದಳು. ಆಗಲೂ ದಾರಿಯಲ್ಲಿ ನೀರಿನ ಬುಗ್ಗೆಯ ಹತ್ತಿರ ದೇವದೂತ ಸಿಕ್ಕಿದ್ದ. ನನ್ನನ್ನು ನೋಡುವ ದೇವರು ಅಂತ ಅವಳು ದೇವರಿಗೆ ಹೆಸರಿಟ್ಟಳು. ಅಬ್ರಹಾಮನ ಮನೆಯಲ್ಲಿ ಯಾರೂ ಮನುಷ್ಯಳು ಅಂತ ನೋಡದಿದ್ದವಳಿಗೆ ಅದೇ ದೊಡ್ಡದಾಗಿತ್ತು. ಹುಡುಗಿ ಈ ಮಾತನ್ನು ಚಿತ್ರದ ಹಿಂದೆ ಪೆನ್ಸಿಲ್‌ನಲ್ಲಿ ಬರೆದಿದ್ದಾಳೆ. ಹಿಂದೆ ಹಾರ್ಡ್‌ಬೋರ್ಡ್ ಹೊಡೆದ ಮೇಲೆ ಅದು ಕಾಣೋದಿಲ್ಲ. ಅದಕ್ಕೇ ಇಲ್ಲಿ ಹೇಳಿದೆ.

ನಮ್ಮೂರಿನಲ್ಲಿ ದೃಶ್ಯಕಲಾ ಕಾಲೇಜು ಶುರುವಾಗಿದ್ದು 1964ರಲ್ಲಿ. ಬೆಣ್ಣೆದೋಸೆ, ಮಂಡಕ್ಕಿ ಅಂತ ದಾವಣಗೆರೆಯನ್ನು ಎಲ್ಲರೂ ಕೊಂಡಾಡುತ್ತಾರೆ, ಕೊಂಡಾಡಲಿ. ಇಷ್ಟು ವರ್ಷದಿಂದ ಚಿತ್ರ ಬರೆಯುವ ಮಕ್ಕಳನ್ನು ತಯಾರು ಮಾಡುತ್ತಿರುವ ಊರು ಅಂತಲೂ ನಾವು ಹೆಮ್ಮೆ ಪಡಬೇಕು. ಪೇಪರಿನಲ್ಲಿ ಚಿತ್ರ ಬಂತು ಅಂತ ಆ ಹುಡುಗಿಯ ತಾಯಿ ಊರಿನಲ್ಲೆಲ್ಲ ತೋರಿಸಿದ್ದರು. ಮುಂದಿನ ವಾರ ಹಿರಿಯರ ಪತ್ರ ಬಂತು. ಹುಡುಗಿ ನನ್ನ ಹತ್ತಿರ ಏನೂ ಅನ್ನಲಿಲ್ಲ. ಚಿತ್ರವನ್ನು ಗೋಡೆಯಿಂದ ಇಳಿಸಿಬಿಡಿ ಅಂಕಲ್ ಅಂದಳು. ನಾನು ಇಳಿಸಿಲ್ಲ.

ಸಂಪಾದಕರೆ, ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಆ ಚಿತ್ರವನ್ನು ಇನ್ನೊಮ್ಮೆ ಪೂರ್ತಿಯಾಗಿ ಪ್ರಕಟಿಸಿ. ಎರಡು ಕಾಲಂ ಸಾಲದು, ನಾಲ್ಕು ಕಾಲಂ ಕೊಡಿ. ಖಾಲಿ ಜಾಗ ಸಮೇತ, ಪೊದೆ ಸಮೇತ ಹಾಕಿ. ಕೆಳಗೆ ಚಾರ್ಕೋಲ್, 22 ಇಂಚು, 30 ಇಂಚು ಅಂತ ಬರೆಯಿರಿ. ಇನ್ನು ಮುಂದೆ ಯಾವ ಮಕ್ಕಳ ಚಿತ್ರ ಹಾಕಿದರೂ ಅಳತೆ, ಬರೆದ ಸಾಮಗ್ರಿ ಎರಡನ್ನೂ ತಿಳಿಸಿ. ಕತ್ತರಿಸಲೇಬೇಕಾದರೆ ಬರೆದವರನ್ನು ಒಂದು ಮಾತು ಕೇಳಿ. ಅವರು ಬೇಡ ಅಂದರೆ ಪೂರ್ತಿ ಚಿತ್ರವನ್ನೇ ಸಣ್ಣದು ಮಾಡಿ ಹಾಕಿ.

ಪತ್ರ ಬರೆದ ಹಿರಿಯರಿಗೆ ನನ್ನ ನಮಸ್ಕಾರ. ಚಿತ್ರದ ಬಗ್ಗೆ ಅಷ್ಟು ಕಾಳಜಿಯಿಂದ ಕೂತು ಬರೆದಿದ್ದೀರಿ, ಅದೇ ದೊಡ್ಡದು. ದಯವಿಟ್ಟು ಒಮ್ಮೆ ಅಂಗಡಿಗೆ ಬನ್ನಿ. ಈ ತಿಂಗಳ ಕೊನೆಯವರೆಗೆ ಚಿತ್ರ ಇಲ್ಲೇ ಇರುತ್ತದೆ. ಸಂಜೆ ಐದರ ಮೇಲಾದರೆ ಹುಡುಗಿಯೂ ಕ್ಲಾಸ್ ಮುಗಿಸಿ ಈ ಕಡೆ ಬರುತ್ತಿರುತ್ತಾಳೆ. ನಿಮ್ಮ ಪ್ರಶ್ನೆಗಳನ್ನು ಅವಳಿಗೇ ಕೇಳಿ. ಟ್ಯಾಂಕರ್ ಮುಂದೆ ಮಾಡಿದ ಸ್ಕೆಚ್‌ಗಳನ್ನೂ ತರಲು ಹೇಳಿರುತ್ತೇನೆ.

ಇಂತಿ ನಿಮ್ಮ ಓದುಗ,
ಫೋಟೋ ಫ್ರೇಮ್ ಅಂಗಡಿಯವನು, ಮಂಡಿಪೇಟೆ ಹತ್ತಿರ, ದಾವಣಗೆರೆ
(ಹೆಸರು, ಅಂಗಡಿಯ ವಿಳಾಸ ನಿಮ್ಮ ಕಚೇರಿಗೆ ಬೇರೆ ಚೀಟಿಯಲ್ಲಿ ಕೊಟ್ಟಿದ್ದೇನೆ. ಕೇಳಿದವರಿಗೆ ತಿಳಿಸಿ.)